ಭಾವನ ಅಸಲಿ ಫಿಲ್ಟರುಗಳು

ನನ್ನ ಅಕ್ಕನ ಗಂಡ ನಾಯಿಫ್ ಮೂರು ತಿಂಗಳಿಗೊಮ್ಮೆ ಕಾರಿನ ಫಿಲ್ಟರು ಬದಲಿಸುತ್ತಾರೆ. ಈ ಒಂದು ವಾಕ್ಯವನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ನಾಳೆ ನನ್ನನ್ನು ಗೋರಿಗೆ ಇಳಿಸಿದ ಮೇಲೆ ದೇವದೂತರಿಬ್ಬರು ಬಂದು ಮೊದಲ ಪ್ರಶ್ನೆ ಕೇಳಿದಾಗ ಬಾಯಿತಪ್ಪಿ ಇದನ್ನೇ ಉತ್ತರವಾಗಿ ಹೇಳಿಬಿಡುತ್ತೇನೋ ಎಂಬ ಭಯ ನನಗಿದೆ.

ಮರುಭೂಮಿಯಂಚಿನ ಜರ್ಕಾ ಊರಿನಲ್ಲಿ ನಮ್ಮದು ಎರಡಂತಸ್ತಿನ ಮನೆ. ಮೇಲೆ ಅಕ್ಕ ಘುಸೂನ್, ಭಾವ, ಅವರ ಒಬ್ಬನೇ ಮಗ ಸಖ್ರ್. ಕೆಳಗೆ ನಾನು, ನನ್ನ ಎರಡು ಮಂಡಿನೋವು. ಇಪ್ಪತ್ತಾರು ವರ್ಷ ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟವನು ನಾನು. ಹುಡುಗರು ಆಕಳಿಸುವುದನ್ನು ನೋಡಿ ನೋಡಿ ಆಕಳಿಕೆಯನ್ನು ಅವರಿಂದಲೇ ಕಲಿತೆ. ಭಾವ ಭೂದಾಖಲೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಠಸ್ಸೆ ಒತ್ತಿ ನಿವೃತ್ತರಾದವರು. ಒತ್ತಲು ಠಸ್ಸೆಯಿಲ್ಲದೆ ಕೈ ಜೋತುಬಿದ್ದಿದ್ದ ಕಾಲದಲ್ಲಿ ಅವರಿಗೆ ಫಿಲ್ಟರು ಸಿಕ್ಕಿತು. ಅದಾಗಿ ಒಂಬತ್ತು ವರ್ಷ.

ಮೂರು ತಿಂಗಳಿಗೊಂದು ಶುಕ್ರವಾರ, ನಮಾಜು ಮುಗಿಸಿ ಜನ ಮನೆಗೆ ಮರಳುವ ಹೊತ್ತಿಗೆ ಸರಿಯಾಗಿ ಭಾವ ತಮ್ಮ ಹಳೆಯ ಬಿಳಿ ಕಾರಿನ ಬಾನೆಟ್ ಎತ್ತುತ್ತಾರೆ. ಡಿಕ್ಕಿಯಿಂದ ಮೂರು ಡಬ್ಬಿ ಹೊರಬರುತ್ತವೆ: ಗಾಳಿಯ ಫಿಲ್ಟರು, ಎಣ್ಣೆಯ ಫಿಲ್ಟರು, ಪೆಟ್ರೋಲಿನ ಫಿಲ್ಟರು. ಒಂದೊಂದನ್ನೂ ತೆಗೆದು ಕಣ್ಣುಮುಚ್ಚಿ ಮೂಸುತ್ತಾರೆ.

"ಆಹಾ! ಅಸಲಿ ಮಾಲು ಅಂದ್ರೆ ಇದು. ನಕಲಿಗೆ ಈ ಪರಿಮಳ ಬರಲ್ಲ. ಮೂಸು ಫವಾಜ್."

ನಾನು ಮೂಸುತ್ತೇನೆ. ಒಂಬತ್ತು ವರ್ಷ ಮೂಸಿದ್ದೇನೆ. ಎಲ್ಲೋ ಮೂಸಿದ ವಾಸನೆ ಅನ್ನಿಸುತ್ತಿತ್ತು. ಎಲ್ಲಿ ಅಂತ ಯೋಚಿಸುವಷ್ಟು ತ್ರಾಣ ಇರುತ್ತಿರಲಿಲ್ಲ.

"ಭಾವ, ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಗಾಳಿಯದು ಹದಿನೈದು ಸಾವಿರ ಕಿಲೋಮೀಟರಿಗೆ ಅಂತಿದೆ. ಎಣ್ಣೆಯದು ಎಣ್ಣೆ ಬದಲಿಸಿದಾಗ. ಪೆಟ್ರೋಲಿನದು ಎರಡು ವರ್ಷಕ್ಕೆ. ನೀವು ಓಡಿಸೋದು ಬೇಕರಿಗೂ ಮಸೀದಿಗೂ."

"ಆ ಪುಸ್ತಕ ಬರೆದವನು ಜರ್ಕಾದ ಧೂಳು ಕುಡಿದಿದ್ದಾನೇನೋ? ಮೂಗಿರೋನು ಮೂಗು ತೊಳ್ಕೋತಾನೆ. ಕಾರು ಪಾಪ ಯಾರನ್ನ ಕೇಳ್ಬೇಕು?"

ನಾನು ಡಬ್ಬಿಯ ಮುಚ್ಚಳ ಹಿಡಿದುಕೊಂಡೆ. ಒಂಬತ್ತು ವರ್ಷದಿಂದಲೂ ಅದೇ ನನ್ನ ಕೆಲಸ.

ಮೊದಲು ಈ ಕೆಲಸವನ್ನು ಮೆಕ್ಯಾನಿಕ್ ಶಾಮಿಲ್ ಮಾಡುತ್ತಿದ್ದ. ಚೆಚೆನ್ ಮನುಷ್ಯ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಭಾವ ಅವನನ್ನು ನಿಲ್ಲಿಸಿಕೊಂಡು "ನೀನು ಹೊಸದು ಹಾಕಿದೆ ಅನ್ನೋದಕ್ಕೆ ಸಾಕ್ಷಿ ಏನು?" ಎಂದು ಕೇಳಿದ್ದರು. ನಮ್ಮ ಕಡೆ ಮಾನವಂತ ಮೆಕ್ಯಾನಿಕ್‌ಗಳು ಮಾಡುವಂತೆ, ಶಾಮಿಲ್ ತಾನು ಬಿಚ್ಚಿದ ಹಳೆಯ ಫಿಲ್ಟರುಗಳನ್ನು ಹೊಸದರ ಖಾಲಿ ಡಬ್ಬಿಗಳಿಗೆ ತುಂಬಿ ಡಿಕ್ಕಿಯಲ್ಲಿಟ್ಟು, "ತಗೊಂಡ್ಹೋಗಿ ಕಣ್ಣಾರೆ ನೋಡ್ಕೊಳಿ, ಇನ್ನು ಇತ್ತ ಬರ್ಬೇಡಿ" ಎಂದ. ಭಾವ ಕೋಪದಲ್ಲಿ ನೋಡಲೂ ಇಲ್ಲ. ಮೂರು ತಿಂಗಳಾದ ಮೇಲೆ ಡಿಕ್ಕಿ ತೆರೆದರೆ ಮೂರು ಡಬ್ಬಿ. ಒಳಗೆ ಥಳಥಳ ಹೊಳೆಯುವ ಫಿಲ್ಟರುಗಳು. ಶಾಮಿಲ್ ಪಶ್ಚಾತ್ತಾಪಪಟ್ಟು ಒಂದು ಸೆಟ್ ಉಚಿತವಾಗಿ ಕೊಟ್ಟಿದ್ದಾನೆಂದು ಭಾವ ಅವನನ್ನು ಕ್ಷಮಿಸಿದರು. ತಾವೇ ಹಾಕಿಕೊಂಡು, ಬಿಚ್ಚಿದವನ್ನು ಅದೇ ಡಬ್ಬಿಗಳಲ್ಲಿಟ್ಟು ಡಿಕ್ಕಿಗೆ ಹಾಕಿದರು.

ಇನ್ನೂ ಮೂರು ತಿಂಗಳು ಕಳೆದು ನೋಡಿದರೆ ಮತ್ತೆ ಹೊಳೆಯುವ ಫಿಲ್ಟರುಗಳು.

ಇನ್ನೊಬ್ಬನಾದರೆ ಇಲ್ಲಿ ನಿಂತು ಯೋಚಿಸುತ್ತಿದ್ದ. ಭಾವ ಯೋಚಿಸಲಿಲ್ಲ; ಕಣ್ಣೀರು ಹಾಕಿದರು. "ಹುಡುಗ ತಂದಿಟ್ಟಿದ್ದಾನೆ. ಅಪ್ಪನಿಗೆ ಬೇಕು ಅಂತ ಗೊತ್ತಾಗಿ, ಬಾಯಿ ಬಿಡದೆ ತಂದಿಟ್ಟಿದ್ದಾನೆ!"

"ನಾನು ತಂದಿಲ್ಲ ಅಪ್ಪ" ಎಂದ ಸಖ್ರ್. ಅವನು ಹಲ್ಲಿನ ಸೆಟ್ ಮಾಡುವ ಕೆಲಸದವನು, ಮಾತಿನಲ್ಲೂ ಅಳತೆ ತಪ್ಪುವವನಲ್ಲ.

"ನೋಡಿದ್ಯಾ ಫವಾಜ್? ಮಾಡಿದ್ದನ್ನ ಒಪ್ಕೊಳ್ಳೋದೂ ಇಲ್ಲ. ಎಂಥಾ ವಿನಯ!"

ಸಖ್ರ್ ಇನ್ನೂ ಎರಡು ಸಲ ಅಲ್ಲಗಳೆದ. ವಿನಯ ಹೆಚ್ಚುತ್ತಾ ಹೋಯಿತು. ಬೇಕರಿಯವನಿಂದ ಇಮಾಮರವರೆಗೆ ಇಡೀ ಬೀದಿ ತಂತಮ್ಮ ಮಕ್ಕಳಿಗೆ "ಸಖ್ರನ್ನ ನೋಡಿ ಕಲೀರೋ" ಎಂದು ಬೈಯತೊಡಗಿತು. ಹುಡುಗ ಸುಸ್ತಾಗಿ ಸುಮ್ಮನಾದ. ಅವನು ನನ್ನ ಕಡೆಯ ರಕ್ತ.

ಈ ಸಖ್ರ್ ತಾನು ಕೆಲಸ ಮಾಡುವ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದ ವುರೂದ್ ಎಂಬ ಹುಡುಗಿಯನ್ನು ಮೂರು ವರ್ಷದಿಂದ ಮೆಚ್ಚಿಕೊಂಡಿದ್ದ. ಅವಳೂ ಮೆಚ್ಚಿದ್ದಳು. ಕಷ್ಟವಿದ್ದದ್ದು ಕರಕ್‌ನಲ್ಲಿದ್ದ ಅವಳಪ್ಪನಿಂದ. ಸಾರ್ಜೆಂಟ್ ಸಲಾಮೆ ಸೇನೆಯ ವಾಹನ ವರ್ಕ್‌ಶಾಪಿನಲ್ಲಿ ಇಪ್ಪತ್ತೆಂಟು ವರ್ಷ ಇದ್ದವನು. ಮಗಳನ್ನು ಕೇಳಿ ಬಂದ ಮೊದಲ ವರನನ್ನು ಅವನ ಕಾರಿನ ಟೈರು ಸವೆದಿದೆಯೆಂದು ವಾಪಸು ಕಳಿಸಿದ್ದ. ಎರಡನೆಯವನು ಬಾಗಿಲಿಗೆ ತಿರುಗುವಾಗ ಇಂಡಿಕೇಟರ್ ಹಾಕಲಿಲ್ಲ. ಅವನಿಗೆ ಕಾರಿನಿಂದ ಇಳಿಯಲೂ ಬಿಟ್ಟಿರಲಿಲ್ಲ. "ಯಂತ್ರ ನೋಡ್ಕೊಳ್ಳದೋನು ಹೆಂಡ್ತೀನ ಏನ್ ನೋಡ್ಕೋತಾನೆ?" ಎಂಬುದು ಅವನ ಸಿದ್ಧಾಂತ.

ಹೆಣ್ಣು ಕೊಡುವ ಮುಂಚೆ ವರನ ಬೀದಿಗೆ ಬಂದು ಗುಟ್ಟಾಗಿ ವಿಚಾರಿಸುವುದು ನಮ್ಮಲ್ಲಿ ವಾಡಿಕೆ. ಒಂದು ಚಳಿಗಾಲದಲ್ಲಿ ಸಾರ್ಜೆಂಟ್ ಬಂದ. ಬಂದದ್ದು ಶುಕ್ರವಾರ, ಅದೂ ಫಿಲ್ಟರಿನ ಶುಕ್ರವಾರವೇ. ಬಾನೆಟ್ ಎತ್ತಿದ್ದ ಕಾರಿನ ಪಕ್ಕ ಒಬ್ಬ ಅಪರಿಚಿತ ಬಂದು ನಿಂತು, "ಎಷ್ಟು ದಿನಕ್ಕೊಮ್ಮೆ ಬದಲಾಯಿಸ್ತೀರಿ ಯಜಮಾನ್ರೇ?" ಎಂದು ಕೇಳಿದ.

ಕೇಳಬಾರದಿತ್ತು. ಭಾವ ಒಂದು ಗಂಟೆ ಹತ್ತು ನಿಮಿಷ ಮಾತಾಡಿದರು. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮಂಡಿ ತಿಕ್ಕಿಕೊಂಡೆ. ಕೊನೆಗೆ ಭಾವ ದನಿ ತಗ್ಗಿಸಿ, "ಇವನ್ನ ತಂದಿಡೋನು ನನ್ನ ಮಗ. ಒಂಬತ್ತು ವರ್ಷ ಆಯ್ತು, ಒಂದಿನ 'ನಾನು ತಂದೆ' ಅಂತ ಬಾಯಿ ಬಿಟ್ಟಿಲ್ಲ" ಎಂದರು. ಅಪರಿಚಿತನ ಕಣ್ಣಲ್ಲಿ ನೀರು ಕಂಡಿತು. ಧೂಳಿಗಿರಬೇಕೆಂದುಕೊಂಡೆ. ಮರುದಿನವೇ ಕರಕ್‌ನಿಂದ ಮಾತು ಬಂತು: ಹಿರಿಯರನ್ನು ಕರೆದುಕೊಂಡು ಬನ್ನಿ.

ಮನೆಯಲ್ಲಿ ಕುಣಿದಾಟ. ಸಖ್ರ್ ಮಾತ್ರ ನನ್ನ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತ. "ಮಾವ, ಆ ಮನುಷ್ಯ ನನಗೆ ಹೆಣ್ಣು ಕೊಡ್ತಿರೋದು ನಾನು ತರದೇ ಇರೋ ಫಿಲ್ಟರಿಗೆ."

"ಹಾಗಿದ್ರೆ ತರೋರು ಯಾರೋ?"

"ನಂಗೇನು ಗೊತ್ತು? ನೀವು ಅಂತ ಅಂದ್ಕೊಂಡಿದ್ದೆ."

ನಾನು ಅವನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಮುಂದೆ ವಿಚಾರಿಸಬೇಕಿತ್ತು. ಆದರೆ ಮಲಗುವ ಹೊತ್ತಾಗಿತ್ತು.

ಹೆಣ್ಣು ಕೇಳಲು ಹೋಗುವ ಹಿರಿಯರ ದಂಡಿಗೆ ನಾವು ಜಾಹಾ ಅನ್ನುತ್ತೇವೆ. ಏಳು ಕಾರು, ಹಿಂದೆ ಹೆಂಗಸರದೊಂದು ಮಿನಿಬಸ್ಸು. ದಂಡಿನ ಮುಖ್ಯಸ್ಥರು ಹಾಜಿ ಮಿತ್ಕಾಲ್, ಎಂಬತ್ತೊಂದು ವರ್ಷದವರು. ಹೆಣ್ಣಿನ ಮನೆಯಲ್ಲಿ ಅವರ ಮುಂದೆ ಕಾಫಿ ಇಡುತ್ತಾರೆ. "ಕೊಟ್ಟೆವು" ಅನ್ನುವ ಮಾತು ಬರುವವರೆಗೆ ಅವರು ಬಟ್ಟಲು ಮುಟ್ಟುವುದಿಲ್ಲ. ಇಷ್ಟು ವರ್ಷಗಳಲ್ಲಿ ಅವರು ಕಾಫಿ ಕುಡಿಯದೆ ಎದ್ದುಬಂದ ಮನೆಯಿಲ್ಲ.

ಇಂಥವರನ್ನು ಭಾವ ತಮ್ಮ ಕಾರಿನಲ್ಲೇ ಕೂರಿಸಿಕೊಳ್ಳುತ್ತೇನೆಂದು ಹಟ ಹಿಡಿದರು. ಅದಕ್ಕಾಗಿ ಫಿಲ್ಟರುಗಳನ್ನು ವಾಡಿಕೆಯ ಶುಕ್ರವಾರಕ್ಕಿಂತ ಎರಡು ವಾರ ಮುಂಚೆಯೇ ಬದಲಿಸಿದರು. ಗುರುವಾರ ಸಂಜೆ ಅಕ್ಕನ ಮುಂದೆ "ನಾಳೆ ಬೆಳಿಗ್ಗೆ ಹೊಸದು ಹಾಕ್ಬಿಡ್ತೀನಿ" ಅಂದಾಗ ಅವಳ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತಂತೆ. ನನಗೆ ಇದು ಆಮೇಲೆ ತಿಳಿಯಿತು.

ಶನಿವಾರ ಹೊರಟೆವು. ಮರಳು ಹೊತ್ತು ತರುವ ಖಮಾಸೀನ್ ಗಾಳಿ ಎದ್ದು ಆಕಾಶ ಭೂಮಿ ಒಂದೇ ಬಣ್ಣವಾಗಿತ್ತು. ಮುಂದೆ ಭಾವ ಮತ್ತು ಹಾಜಿ, ಹಿಂದೆ ನಾನು, ಸಖ್ರ್, ನನ್ನ ತೊಡೆಯ ಮೇಲೆ ಸಿಹಿಯ ತಟ್ಟೆ. ಕತ್ರಾನೆ ಊರು ದಾಟಿ ಕರಕ್‌ನ ಕಡೆ ಏರು ಶುರುವಾದದ್ದೇ ಕಾರಿಗೆ ಬಿಕ್ಕಳಿಕೆ ಬಂತು. ಒಂದು ಸಲ ಬಿಕ್ಕಿತು, ಎರಡು ಸಲ ಬಿಕ್ಕಿತು, ಆಮೇಲೆ ನಿಟ್ಟುಸಿರುಬಿಟ್ಟು ನಿಂತಿತು. ನನಗೆ ಅದರ ಮೇಲೆ ಮೊದಲ ಬಾರಿಗೆ ಪ್ರೀತಿ ಹುಟ್ಟಿತು.

ಏಳು ಕಾರಿನ ಗಂಡಸರೂ ಇಳಿದು ಬಂದು ಬಾನೆಟ್ಟಿನ ಸುತ್ತ ನಿಂತರು.

"ಬ್ಯಾಟರಿ" ಎಂದ ಒಬ್ಬ.

"ಬ್ಯಾಟರಿ ಅಲ್ಲ, ಪ್ಲಗ್ಗು. ನಮ್ಮ ಭಾವಮೈದಂದೂ ಹೀಗೇ ಆಗಿತ್ತು."

"ಯಾರದ್ದೋ ಕಣ್ಣು ಬಿದ್ದಿದೆ. ನೀಲಿ ಮಣಿ ಕಟ್ಟಿಲ್ವಾ ನಾಯಿಫ್?"

"ಫಿಲ್ಟರ್ ನೋಡಬಾರ್ದಾ ಭಾವ?" ಎಂದೆ ನಾನು.

ಭಾವ ನನ್ನ ಕಡೆ ತಿರುಗಿದರು. ಅವರ ಅಪ್ಪ ಸತ್ತಾಗಲೂ ಅವರ ಮುಖ ಹಾಗಿರಲಿಲ್ಲ. "ಫಿಲ್ಟರಾ? ನಿನ್ನೆ ಬೆಳಿಗ್ಗೆ ಹಾಕಿದ ಅಸಲಿ ಫಿಲ್ಟರಾ? ಜಗತ್ತು ಮುಳುಗಲಿ ಫವಾಜ್, ನನ್ನ ಕಾರಲ್ಲಿ ಫಿಲ್ಟರೊಂದು ಬಿಟ್ಟು ಏನು ಬೇಕಾದ್ರೂ ಕೆಡಬಹುದು!"

"ಹಾಜಿ, ನೀವು ನಮ್ಮ ಕಾರಿಗೆ ಬನ್ನಿ, ಹೊತ್ತಾಗುತ್ತೆ" ಎಂದು ಯಾರೋ ಅಂದರು.

ಹಾಜಿ ಕೋಲು ನೆಲಕ್ಕೆ ಕುಟ್ಟಿದರು. "ವರನ ಅಪ್ಪನ್ನ ನಡುದಾರೀಲಿ ಬಿಟ್ಟು ಬಂದ ಜಾಹಾ ಅಂತ ಅನ್ನಿಸ್ಕೊಳ್ಳೋಕೆ ಇಷ್ಟು ವರ್ಷ ಬದುಕಿದ್ದೀನಾ? ಹೊರಟ ಕಾರಲ್ಲೇ ತಲುಪ್ತೀನಿ. ಇಲ್ಲಾಂದ್ರೆ ಇಲ್ಲೇ ಹೂಳಿ."

ಎರಡು ಗಂಟೆ ಕಳೆಯಿತು. ಹಲ್ಲಿನ ಸಂದಿಯಲ್ಲೆಲ್ಲ ಮರಳು. ಸಖ್ರ್ ದಾರಿಬದಿಯ ಕಲ್ಲಿನ ಮೇಲೆ ಹೊಸ ಸೂಟಿನಲ್ಲಿ ಕೂತಿದ್ದ. ಟೈರು ಸವೆದಿದ್ದಕ್ಕೆ ಒಬ್ಬನನ್ನು ಅಟ್ಟಿದವನು ಕಾರೇ ಕೆಟ್ಟು ನಿಂತವರನ್ನು ಏನು ಮಾಡುತ್ತಾನೆಂದು ಅವನು ಲೆಕ್ಕ ಹಾಕುತ್ತಿದ್ದ. ಮುಖ ನೋಡಲಾಗಲಿಲ್ಲ. ಹುಡುಗ ಒಳ್ಳೆಯವನು, ಮೂರು ವರ್ಷ ಕಾದವನು.

ಆಗ ಕರಕ್‌ನ ದಿಕ್ಕಿನಿಂದ ಒಂದು ಪಿಕಪ್ ಬಂತು. ಇಂಡಿಕೇಟರ್ ಹಾಕಿ, ನಿಧಾನವಾಗಿ ಪಕ್ಕಕ್ಕೆ ನಿಂತಿತು. ಸಾರ್ಜೆಂಟ್ ಸಲಾಮೆ ಇಳಿದ. ಒಂದು ಕೈಯಲ್ಲಿ ಸಾಮಾನಿನ ಪೆಟ್ಟಿಗೆ, ಇನ್ನೊಂದರಲ್ಲಿ ಕಾಫಿ ತುಂಬಿದ ದಲ್ಲೆ ಹೂಜಿ.

"ನೀವು ದಾರೀಲಿ ನಿಂತಿದ್ದೀರಿ ಅಂತ ಲಾರಿಯವನೊಬ್ಬ ಬಂದು ಹೇಳಿದ. ಕಾಫಿ ಆರಿಹೋಗ್ತಿತ್ತು. ಅದಕ್ಕೆ ಇಲ್ಲಿಗೇ ತಂದೆ. ಮೊದಲು ಗಾಡಿ ನೋಡ್ತೀನಿ."

ಅವನು ಬಗ್ಗಿದ. ಗಾಳಿಯ ಫಿಲ್ಟರು ಎತ್ತಿ ಬೆಳಕಿಗೆ ಹಿಡಿದ. ಕಾಗದದ ಮಡಿಕೆಗಳು ಬಡಿದು ಬಡಿದು ಜೂಲಾಗಿದ್ದವು. ಪೆಟ್ರೋಲಿನ ಫಿಲ್ಟರು ಬಿಚ್ಚಿ ಅಂಗೈ ಮೇಲೆ ಬಗ್ಗಿಸಿದ. ನೀರು ತೊಟ್ಟಿಕ್ಕಿತು. ಮೂಸಿ ನೋಡಿದ. ಇನ್ನೊಂದು ಸಲ ಮೂಸಿದ.

"ನಾಬ್ಲುಸ್‌ನ ಸಾಬೂನು" ಎಂದ.

ಅಷ್ಟೇ ಸಾಕು, ಒಂಬತ್ತು ವರ್ಷದಿಂದ ಮೂಗಿನ ತುದಿಯಲ್ಲಿದ್ದದ್ದು ನನಗೆ ಹೊಳೆಯಿತು. ನಮ್ಮ ಬಚ್ಚಲಿನ ವಾಸನೆ ಅದು.

"ಅದು ಅಸಲಿ ಮಾಲಿನ ಪರಿಮಳ" ಎಂದರು ಭಾವ. ದನಿ ಆಗಲೇ ಸಣ್ಣದಾಗಿತ್ತು.

ಸಾರ್ಜೆಂಟ್ ಸಖ್ರನ ಕಡೆ ತಿರುಗಿದ. "ಅಪ್ಪನಿಗೆ ನೀನೇ ತಂದುಕೊಡೋದಂತಲ್ಲಪ್ಪ. ಇದನ್ನ ಯಾವ ಅಂಗಡೀಲಿ ತಂದೆ?"

ಹದಿನೆಂಟು ಗಂಡಸರು ಹತ್ತಿರ ಸರಿದರು. ಯಾವುದಾದರೂ ಅಂಗಡಿಯ ಹೆಸರು ಹೇಳಿದ್ದರೆ ತಪ್ಪೆಲ್ಲ ಅಂಗಡಿಯವನ ತಲೆಗೆ ಹೋಗುತ್ತಿತ್ತು. ನಾನು ಕಣ್ಣಲ್ಲೇ 'ಹೇಳೋ ಮಾರಾಯ' ಎಂದೆ.

"ನಾನು ತಂದಿಲ್ಲ" ಎಂದ ಸಖ್ರ್. "ಯಾವತ್ತೂ ತಂದಿಲ್ಲ. ಅಪ್ಪನಿಗೆ ಮೂರು ಸಲ ಹೇಳಿದೆ, ನಂಬಲಿಲ್ಲ. ನಿಮಗೆ ಸುಳ್ಳು ಹೇಳಿ ಹುಡುಗಿ ತಗೊಂಡ್ಹೋಗಲ್ಲ."

ಮಿನಿಬಸ್ಸಿನ ಬಾಗಿಲು ದಢಾರೆಂದಿತು. ಅಕ್ಕ ಇಳಿದು ಬಂದಳು, ಗಾಳಿಗೆ ತಲೆವಸ್ತ್ರ ಹಿಡಿದುಕೊಂಡು.

"ಯಾರೂ ತಂದಿಲ್ಲ. ಇದೇ ಎರಡು ಸೆಟ್, ಒಂದು ಗಾಡೀಲಿ, ಒಂದು ಡಬ್ಬೀಲಿ. ನಾನು ತೊಳೆದಿಡ್ತಿದ್ದೆ. ಮೊದಲ ಸಲ ಡಬ್ಬಿಯಿಂದ ಎಣ್ಣೆ ಸೋರಿ ಡಿಕ್ಕೀಲಿದ್ದ ರೊಟ್ಟಿ ಹಾಳಾಯ್ತು, ಅದಕ್ಕೆ ತೊಳೆದೆ. ಗಾಳಿಯದನ್ನ ಬಾಲ್ಕನೀಲಿ ಕಂಬಳಿ ಥರ ಬಡೀತಿದ್ದೆ. ಈ ಪುಟ್ಟದಕ್ಕೆ ನೀರು ಬಿಟ್ಟು, ಶುಕ್ರವಾರಕ್ಕೆ ಮುಂಚೆ ಮೂರು ದಿನ ಒಣಗಿಸ್ತಿದ್ದೆ." ಗಂಡನ ಕಡೆ ತಿರುಗಿದಳು. "ಈ ಸಲ ಒಂದೇ ರಾತ್ರಿ ಕೊಟ್ರೆ ಒಣಗುತ್ತೇನ್ರೀ?"

ಒಂಬತ್ತು ವರ್ಷ, ಮೂವತ್ತಾರು ಶುಕ್ರವಾರ. ಭಾವ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು.

ಸಾರ್ಜೆಂಟ್ ಪಿಕಪ್ಪಿನಿಂದ ಒಂದು ಹೊಸ ಪೆಟ್ರೋಲ್ ಫಿಲ್ಟರು ತಂದು ಕೂರಿಸಿದ. ಗಾಳಿಯದನ್ನು ಎರಡು ಸಲ ಊದಿ ಹಾಗೇ ಇಟ್ಟ. ಕಾರು ಕೆಮ್ಮಿ ಎದ್ದಿತು. ಬಳಿಕ ಕೈ ಒರೆಸಿಕೊಂಡು, ಬಾನೆಟ್ ಮುಚ್ಚಿ, ಅದರ ಮೇಲೆ ಬಟ್ಟಲಿಟ್ಟು ಕಾಫಿ ಬಗ್ಗಿಸಿದ. ಬಟ್ಟಲು ಎಂಜಿನ್ನಿನ ಮೇಲೆ ಗಡಗಡ ನಡುಗುತ್ತಿತ್ತು.

ಹಾಜಿ ಅರ್ಥಮಾಡಿಕೊಂಡರು. ಗಂಟಲು ಸರಿಮಾಡಿಕೊಂಡು, ಬಟ್ಟಲು ಮುಟ್ಟದೆ, ಆ ಗಾಳಿಯಲ್ಲೇ ದೇವರ ಹೆಸರು ಹೇಳಿ ಹೆಣ್ಣು ಕೇಳಿದರು.

"ಸುಳ್ಳಿಗೆ ಜಾಗ ಇದ್ದಾಗ ಸುಳ್ಳು ಹೇಳದ ಹುಡುಗ ಸಿಕ್ಕಿದ್ದಾನೆ" ಎಂದ ಸಾರ್ಜೆಂಟ್. "ಕೊಡ್ತೀನಿ. ಆದ್ರೆ ನನ್ನ ಮಗಳು ಈ ಕಾರಲ್ಲಿ ಓಡಾಡೋಳು. ನನ್ನದೂ ಒಂದು ಷರತ್ತಿದೆ. ಎಣ್ಣೆ ಬದಲಿಸಿದಾಗೆಲ್ಲ ಎಣ್ಣೆ ಫಿಲ್ಟರು, ಗಾಳಿಯದು ಆರು ತಿಂಗಳಿಗೆ, ಪೆಟ್ರೋಲಿನದು ವರ್ಷಕ್ಕೆ. ಅಂಗಡಿಯಿಂದ, ಹೊಸದು."

ಹೆಣ್ಣಿನಪ್ಪ ಷರತ್ತು ಹಾಕುವುದು, ಜಾಹಾದ ಹಿರಿಯರು ಅದನ್ನು ಇಳಿಸುವುದು ನಮ್ಮ ಪದ್ಧತಿ. ಹಾಜಿಗೆ ಅದು ಉಸಿರಾಟದಷ್ಟೇ ರೂಢಿ. "ಬಂದ ಅತಿಥಿಗಳ ಮುಖ ನೋಡಿ ಗಾಳಿಯದನ್ನ ಒಂದು ವರ್ಷ ಮಾಡು ಸಲಾಮೆ."

"ಅತಿಥಿಗಳಿಗೋಸ್ಕರ ಮಾಡಿದೆ."

"ಈ ನನ್ನ ನರೆಗಡ್ಡಕ್ಕೋಸ್ಕರ ಪೆಟ್ರೋಲಿನದು ಎರಡು ವರ್ಷ."

"ನಿಮ್ಮ ಗಡ್ಡಕ್ಕೋಸ್ಕರ ಆಯ್ತು."

"ಒಂದು ವರ್ಷಾನಾ?" ದನಿ ಬಂದದ್ದು ಭಾವನಿಂದ. "ಗಾಳಿ ಫಿಲ್ಟರು ಒಂದು ವರ್ಷಾನಾ? ಈ ಧೂಳಲ್ಲಾ? ನಾನು ಒಪ್ಪಲ್ಲ! ಮೂರು ತಿಂಗಳು!"

ಹಾಜಿ ನಿಧಾನವಾಗಿ ತಿರುಗಿದರು. "ನಾಯಿಫ್, ನಾನು ನಿನ್ನ ಕಡೆಯೋನು ಕಣಯ್ಯ."

"ಇರಬಹುದು ಹಾಜಿ. ಆದ್ರೆ ತಪ್ಪು ತಪ್ಪೇ. ಆರು ತಿಂಗಳಿಗಿಂತ ಒಂದು ದಿನ ಹೆಚ್ಚು ಕೊಡಲ್ಲ."

"ಅಪ್ಪಾ!" ಎಂದ ಸಖ್ರ್. ಅವನು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಫವಾಜ್, ನಿನ್ನ ಭಾವನ ಬಾಯಿಗೂ ಒಂದು ಫಿಲ್ಟರು ಹಾಕಪ್ಪ" ಎಂದರು ಹಾಜಿ. ನಾನು ಸಿಹಿಯ ತಟ್ಟೆಯಿಂದ ಅತಿ ದೊಡ್ಡ ತುಂಡು ತೆಗೆದು ಭಾವನ ಬಾಯಿಗೆ ತುರುಕಿದೆ.

ಸಾರ್ಜೆಂಟ್ ಗಡ್ಡ ಕೆರೆದುಕೊಂಡು ಭಾವನನ್ನೇ ನೋಡಿದ. ಆಮೇಲೆ ನಕ್ಕುಬಿಟ್ಟ. "ಆರು ತಿಂಗಳು. ವರನಪ್ಪನ ಮಾತೇ ನಿಲ್ಲಲಿ. ಕುಡೀರಿ ಹಾಜಿ, ಕೊಟ್ಟೆ."

ಹಾಜಿ ಕುಡಿದರು. ಅರ್ಧ ಕಾಫಿ, ಅರ್ಧ ಧೂಳು. ಮಿನಿಬಸ್ಸಿನೊಳಗಿಂದ ಹೆಂಗಸರ ಸಂಭ್ರಮದ ಉಲುಲು ಕೂಗು ಎದ್ದು ಮರುಭೂಮಿಗೆಲ್ಲ ಕೇಳಿಸಿತು.

ವಾಪಸು ಬರುವಾಗ ನಾನು ಮಂಡಿನೋವಿನ ನೆಪ ಹೇಳಿ ಮಿನಿಬಸ್ಸಿನಲ್ಲಿ ಅಕ್ಕನ ಪಕ್ಕ ಕೂತೆ.

"ಅಕ್ಕ, ಅದೇ ಹಳೇದನ್ನ ಹಾಕ್ಕೋತಿದ್ದಾರೆ ಅಂತ ನಿಂಗೆ ಯಾವಾಗ ಗೊತ್ತಾಯ್ತು?"

"ಮೊದಲ ವರ್ಷವೇ."

"ಮತ್ತೆ ಹೇಳಬಾರ್ದಿತ್ತಾ?"

ಅವಳು ಕಿಟಕಿಯಾಚೆ ನೋಡಿದಳು. "ಕೆಲಸ ಬಿಟ್ಟ ಮೇಲೆ ಆ ಮನುಷ್ಯ ಬಾಯ್ತುಂಬ ನಗ್ತಿದ್ದದ್ದು ಮೂರು ತಿಂಗಳಿಗೊಮ್ಮೆ ಕಣೋ, ಆ ಡಬ್ಬಿ ತೆಗೆದಾಗ. ಜೊತೆಗೆ ಮಗನ ಮೇಲೆ ಅಷ್ಟು ಹೆಮ್ಮೆ. ಹೇಗೆ ಹೇಳಲಿ? ತೊಳೆದಿಡೋದೇ ಸುಲಭ ಅನ್ನಿಸ್ತು."

ಮದುವೆಯಾಯಿತು. ವುರೂದ್ ಮನೆಗೆ ಬಂದಳು. ಭಾವ ಮಾತ್ರ ಬಾನೆಟ್ ಎತ್ತಲಿಲ್ಲ. ಶುಕ್ರವಾರಗಳು ಬಂದುಹೋದವು, ಅವರು ಬಾಲ್ಕನಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಬೀದಿಯಲ್ಲಿ ಯಾರೂ ಏನೂ ಕೇಳಲಿಲ್ಲ. ಇಷ್ಟು ವರ್ಷ ನಾನು ಬೇಡಿಕೊಂಡಿದ್ದ ಮೌನ ಕೊನೆಗೂ ಸಿಕ್ಕಿತ್ತು. ಅದು ನನಗೆ ಒಂದಿಷ್ಟೂ ಹಿಡಿಸಲಿಲ್ಲ.

ಆರು ತಿಂಗಳು ತುಂಬಿದ ಶುಕ್ರವಾರ ನಾನೇ ಅವರನ್ನು ಕೆಳಗೆ ಎಳೆತಂದೆ. ಡಿಕ್ಕಿಯಲ್ಲಿ ಡಬ್ಬಿಗಳಿದ್ದವು. ವುರೂದ್ ಶಾಮಿಲ್‌ನ ಹತ್ತಿರ ಹೋಗಿ, ನಿಜವಾಗಿ ಹೊಸ ಫಿಲ್ಟರುಗಳನ್ನು ತಂದು, ಯಾರಿಗೂ ಹೇಳದೆ ಇಟ್ಟಿದ್ದಳು. ಭಾವ ಒಂದನ್ನು ತೆಗೆದು, ಅಭ್ಯಾಸಬಲದಿಂದ ಮೂಗಿಗೆ ಹಿಡಿದರು. ಮುಖ ಇಳಿದುಹೋಯಿತು.

"ಏನಾಯ್ತು ಭಾವ?"

"ಏನಿಲ್ಲ ಬಿಡು. ಚೆನ್ನಾಗೇ ಇದೆ. ವಾಸನೆ ಒಂದಿಲ್ಲ ಅಷ್ಟೇ."

ಅವರು ಹಾಕಿ ಮುಗಿಸಿ ಯಾರಿಗೂ ತೋರಿಸದೆ ಮೇಲೆ ಹೋದರು. ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ ವುರೂದ್ ಎಲ್ಲವನ್ನೂ ಕೇಳಿಸಿಕೊಂಡಿದ್ದಳೆಂದು ಆಗ ನನಗೆ ಗೊತ್ತಾಗಲಿಲ್ಲ.

ಮತ್ತೆ ಆರು ತಿಂಗಳು. ಮತ್ತೆ ಶುಕ್ರವಾರ. ಭಾವ ಒಲ್ಲದ ಮನಸ್ಸಿನಿಂದ ಡಬ್ಬಿ ತೆರೆದರು. ಫಿಲ್ಟರಿನ ಕೆಳಗೆ, ಮೂಲೆಯಲ್ಲಿ, ಹೆಬ್ಬೆರಳಿನಷ್ಟು ಸಾಬೂನಿನ ಚೂರು. ಅವರು ಅದನ್ನು ನೋಡಿದರು, ನಾನು ನೋಡಿದ್ದನ್ನೂ ನೋಡಿದರು. ತಲೆಯೆತ್ತಿ ಬಾಲ್ಕನಿಯ ಕಡೆ ನೋಡಿದರೆ ಅತ್ತೆ ಸೊಸೆ ಇಬ್ಬರೂ ಒಂದೇ ಚಾದರವನ್ನು ಬಹಳ ಗಮನವಿಟ್ಟು ಕೊಡವುತ್ತಿದ್ದರು.

ಭಾವ ಫಿಲ್ಟರನ್ನು ಎತ್ತಿ, ಕಣ್ಣುಮುಚ್ಚಿ, ಎದೆತುಂಬ ಉಸಿರೆಳೆದುಕೊಂಡರು. ಮಸೀದಿಯಿಂದ ಬರುತ್ತಿದ್ದವರು ಒಬ್ಬೊಬ್ಬರಾಗಿ ನಿಂತರು.

"ಮೂಸು ಫವಾಜ್" ಎಂದರು.

ನಾನು ಮೂಸಿದೆ.

"ಅಸಲಿ ಭಾವ" ಎಂದೆ.